ಕಡಲ ಬದಿಯ ಕಬ್ಬಿಣದ ಕುರ್ಚಿಗೆ ಸ್ಪ್ರೇ ಪೇಂಟ್

ನಮಸ್ಕಾರ ಕೇಳುಗರೆ. ಮಲ್ಪೆ, ಕಾಪು, ಸುರತ್ಕಲ್, ಉಳ್ಳಾಲ, ಈ ಕಡೆ ಮನೆ ಇರುವವರಿಗೆಲ್ಲ ಗೊತ್ತುಂಟು, ಅಂಗಳದಲ್ಲೋ ಸಿಟೌಟಲ್ಲೋ ಇಟ್ಟ ಕಬ್ಬಿಣದ ಕುರ್ಚಿ, ಟೇಬಲ್, ಉಯ್ಯಾಲೆ ಎರಡು ಮಳೆಗಾಲ ಕಂಡ್ರೆ ಸಾಕು, ಬಣ್ಣ ಮಾಸಿ ವೆಲ್ಡಿಂಗ್ ಮಾಡಿದ ಜಾಗದಲ್ಲೆಲ್ಲ ಕಂದು ಕಲೆ ಎದ್ದು, ಇದನ್ನು ಇನ್ನು ಗುಜರಿಯವರಿಗೆ ಕೊಡುವ ಅಂತ ಮನೆಯಲ್ಲಿ ಮಾತು ಶುರುವಾಗ್ತದೆ. ದಯವಿಟ್ಟು ಕೊಡಬೇಡಿ ಮಾರಾಯ್ರೆ. ಹಳೇ ಕುರ್ಚಿಯ ಕಬ್ಬಿಣ ದಪ್ಪ ಇರ್ತದೆ, ಮೇಲಿನ ಬಣ್ಣ ಹೋಗಿದೆ ಅಷ್ಟೇ. ಒಂದು ಸ್ಕ್ರೂಡ್ರೈವರ್ ತಕೊಂಡು ತುಕ್ಕಿನ ಮೇಲೆ ಒತ್ತಿ ನೋಡಿ, ಒಳಗೆ ಇಳೀಲಿಲ್ಲ ಅಂದ್ರೆ ಆ ಕುರ್ಚಿಗೆ ಇನ್ನೂ ತುಂಬಾ ವರ್ಷ ಆಯುಷ್ಯ ಉಂಟು.

ನಮ್ಮ ಊರಲ್ಲಿ ಯಾಕೆ ಇಷ್ಟು ಬೇಗ ತುಕ್ಕು ಹಿಡಿತದೆ ಅಂತ ಮೊದಲು ತಿಳ್ಕೊಳ್ಬೇಕು, ಯಾಕಂದ್ರೆ ಕೆಲಸ ಪೂರ್ತಿ ನಿಂತಿರುವುದು ಅದರ ಮೇಲೆ. ಕಡಲ ಗಾಳಿಯಲ್ಲಿ ಕಣ್ಣಿಗೆ ಕಾಣದ ಉಪ್ಪು ಬರ್ತದೆ, ಬಂದು ಕುರ್ಚಿಯ ಮೇಲೆ ಕೂರ್ತದೆ. ಗಾಳಿಯ ತೇವಾಂಶ ಶೇಕಡಾ 75 ದಾಟಿದ ಕೂಡ್ಲೇ ಈ ಉಪ್ಪು ಗಾಳಿಯಿಂದಲೇ ನೀರು ಎಳ್ಕೊಂಡು ಕರಗ್ತದೆ. ನಮ್ಮಲ್ಲಿ ಮಳೆಗಾಲ ಪೂರ್ತಿ ತೇವಾಂಶ ಅದಕ್ಕಿಂತ ಮೇಲೇ ಇರ್ತದೆ, ಬೇರೆ ತಿಂಗಳಲ್ಲೂ ರಾತ್ರಿ ಆ ಮಟ್ಟಕ್ಕೆ ಹೋಗ್ತದೆ, ಹಾಗಾಗಿ ಮಳೆ ಬೀಳದಿದ್ರೂ ಕಬ್ಬಿಣದ ಮೇಲೆ ತೆಳ್ಳಗೆ ಉಪ್ಪು ನೀರು ಇದ್ದೇ ಇರ್ತದೆ. ಈಗ ಆ ಉಪ್ಪನ್ನು ತೊಳೆಯದೆ ಮೇಲಿಂದ ಎಷ್ಟೇ ಒಳ್ಳೆ ಪೇಂಟ್ ಹೊಡೆದ್ರೂ ಉಪ್ಪು ಒಳಗೇ ಕೂತು ಕೆಲಸ ಮಾಡ್ತದೆ, ತುಕ್ಕು ಕಬ್ಬಿಣಕ್ಕಿಂತ ಜಾಸ್ತಿ ಜಾಗ ತಿನ್ನುವ ವಸ್ತು, ಅದು ಉಬ್ಬಿ ಪೇಂಟನ್ನು ಹಪ್ಪಳದ ಹಾಗೆ ಎಬ್ಬಿಸಿ ಹಾಕ್ತದೆ. ಎಷ್ಟೋ ಜನ ಸ್ಪ್ರೇ ಪೇಂಟ್ ಬಾಳ್ವಿಕೆ ಬರುವುದಿಲ್ಲ ಅಂತಾರಲ್ಲ, ಹೆಚ್ಚಿನ ಕಡೆ ಕಾರಣ ಇದೇ.

ಅದಕ್ಕೇ ಮೊದಲ ಕೆಲಸ ತೊಳೆಯುವುದು. ಸೋಪಿನ ನೀರು ಹಾಕಿ ಬ್ರಷ್ಷಲ್ಲಿ ತಿಕ್ಕಿ ಸಿಹಿ ನೀರಲ್ಲಿ ಚೆನ್ನಾಗಿ ತೊಳೀರಿ. ಸಿಹಿ ನೀರು ಅಂತ ಯಾಕೆ ಹೇಳಿದೆ ಅಂದ್ರೆ ಏಪ್ರಿಲ್ ಮೇ ಬಂದ್ರೆ ಕಡಲ ಬದಿಯ ಕೆಲವು ಬಾವಿಗಳ ನೀರು ಉಪ್ಪಾಗ್ತದೆ, ಅದರಲ್ಲಿ ತೊಳೆದ್ರೆ ತೊಳೆದೂ ಪ್ರಯೋಜನ ಇಲ್ಲ. ಒಣಗಿದ ಮೇಲೆ ಕೈಯಲ್ಲಿ ಉಜ್ಜಿ ನೋಡಿ, ಬೆರಳಿಗೆ ಸೀಮೆಸುಣ್ಣದ ಹಾಗೆ ಪುಡಿ ಅಂಟ್ತದಾ, ಬಿಸಿಲಿಗೆ ಹಳೇ ಪೇಂಟ್ ಸತ್ತು ಹೋಗಿದೆ ಅಂತ ಅರ್ಥ, ಆ ಪುಡಿಯ ಮೇಲೆ ಹೊಸ ಪೇಂಟ್ ಹಿಡಿಯುವುದಿಲ್ಲ. ತುಕ್ಕನ್ನು ವೈರ್ ಬ್ರಷ್ಷಲ್ಲಿ ತೆಗೀರಿ, ಮತ್ತೆ 80 ನಂಬರಿನ ಎಮರಿ ಪೇಪರ್, ಕೊನೆಗೆ 220ರಲ್ಲಿ ನುಣ್ಣಗೆ ಮಾಡಿ. ಗಟ್ಟಿಯಾಗಿ ಹಿಡ್ಕೊಂಡಿರುವ ಹಳೇ ಪೇಂಟನ್ನು ಪೂರ್ತಿ ಕೀಳಬೇಕಂತ ಇಲ್ಲ, ಹೊಳಪು ಹೋಗುವಷ್ಟು ಉಜ್ಜಿದ್ರೆ ಸಾಕು.

ಇಲ್ಲಿ ಒಂದು ಮಾತು ದಯವಿಟ್ಟು ಗಮನ ಕೊಟ್ಟು ಕೇಳಿ. ಮನೆ ಪೇಂಟಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗಕ್ಕಿಂತ ಜಾಸ್ತಿ ಇರಬಾರದು ಅನ್ನುವ ಕೇಂದ್ರ ಸರಕಾರದ 2016ರ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಲ್ಲಿ. ನಿಮ್ಮ ಕುರ್ಚಿ ಅದಕ್ಕಿಂತ ಹಳೇದಾದ್ರೆ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಉಂಟು, ಒಣಗಿಸಿ ಉಜ್ಜಿ ಧೂಳು ಎಬ್ಬಿಸಬೇಡಿ, ನೀರು ಹಾಕ್ಕೊಂಡೇ ಉಜ್ಜಿ, ಮಕ್ಕಳನ್ನು ಹತ್ತಿರ ಬಿಡಬೇಡಿ, ಆ ಕೆಸರನ್ನು ತುಳಸಿ ಕಟ್ಟೆಯ ಬುಡಕ್ಕೋ ಬಸಳೆ ಚಪ್ಪರದ ಹತ್ತಿರಕ್ಕೋ ಚೆಲ್ಲಬೇಡಿ. ಉಜ್ಜಿ ಮುಗಿದ ಕೂಡ್ಲೇ ಬಟ್ಟೆಯಲ್ಲಿ ಒರೆಸಿ ಬಿಸಿಲಿಗಿಡಿ, ಇಲ್ಲಾಂದ್ರೆ ಬರೀ ಕಬ್ಬಿಣ ಸಂಜೆಯೊಳಗೆ ಪುನಃ ಕೆಂಪಾಗ್ತದೆ.

ಪೈಪಿನ ಕುರ್ಚಿಯಾದ್ರೆ ಕಾಲಿನ ಅಡಿಯಲ್ಲಿರುವ ರಬ್ಬರ್ ಬುಶ್ ತೆಗೆದು ನೋಡ್ಲೇಬೇಕು. ಮಳೆ ನೀರು ಪೈಪಿನೊಳಗೆ ಇಳಿದು ಬುಶ್ಶಲ್ಲಿ ನಿಲ್ತದೆ, ನಮ್ಮ ಕಡೆ ಕುರ್ಚಿ ಹಾಳಾಗುವುದು ಹೆಚ್ಚಾಗಿ ಕಾಲಿನಿಂದ, ಅದೂ ಒಳಗಿನಿಂದ. ನೀರು ಬಸಿದು ಒಂದು ದಿನ ಬಿಸಿಲಲ್ಲಿ ಕವುಚಿ ಹಾಕಿ, ಕೆಲಸ ಎಲ್ಲ ಮುಗಿದ ಮೇಲೆ ಹೊಸ ಬುಶ್ ಹಾಕಿ, ಹಾರ್ಡ್‌ವೇರ್ ಅಂಗಡಿಯಲ್ಲಿ ಅಂಥಾ ದೊಡ್ಡ ಖರ್ಚೇನಿಲ್ಲ.

ಇನ್ನು ಪ್ರೈಮರ್, ಅಂದ್ರೆ ಪೇಂಟಿಗಿಂತ ಮೊದಲು ಹೊಡೆಯುವ ತಳದ ಕೋಟ್. ಆಯಸ್ಕಾಂತ ಅಂಟಿದ್ರೆ ಕಬ್ಬಿಣ, ಅದಕ್ಕೆ ರೆಡ್ ಆಕ್ಸೈಡ್ ಪ್ರೈಮರ್ ಆಗ್ತದೆ. ಅಂಟದಿದ್ರೆ ಸಾಧಾರಣ ಅಲ್ಯೂಮಿನಿಯಂ, ಅದಕ್ಕೆ ಎಚ್ (etch) ಪ್ರೈಮರ್, ಅಂದ್ರೆ ನುಣುಪು ಲೋಹವನ್ನೂ ಕಚ್ಚಿ ಹಿಡಿಯುವ ಪ್ರೈಮರ್, ಅಂತ ಕೇಳಿ ತಕೊಳ್ಳಿ. ಜಿಐ ಪೈಪಿಗೂ, ಅಂದ್ರೆ ಸತು ಲೇಪಿಸಿದ ಕಬ್ಬಿಣದ ಪೈಪಿಗೂ, ಆಯಸ್ಕಾಂತ ಅಂಟ್ತದೆ, ಆದ್ರೆ ಅದರ ಸತುವಿನ ಮೇಲೆ ಸಾದಾ ಪೇಂಟ್ ನಿಲ್ಲುವುದಿಲ್ಲ, ಅದಕ್ಕೂ ಎಚ್ ಪ್ರೈಮರೇ ಬೇಕು.

ಸ್ಪ್ರೇ ಪೇಂಟಿನ ಡಬ್ಬ ಬಂದದ್ದು 1949ರಲ್ಲಿ. ಅಮೆರಿಕದ ಇಲಿನಾಯ್ ರಾಜ್ಯದ ಎಡ್ವರ್ಡ್ ಸೀಮೋರ್ ಅನ್ನುವವರು ರೇಡಿಯೇಟರಿಗೆ ಹೊಡೆಯುವ ಅಲ್ಯೂಮಿನಿಯಂ ಪೇಂಟ್ ಮಾಡ್ತಿದ್ರು, ಅದನ್ನು ಡಬ್ಬದಲ್ಲಿ ತುಂಬಿಸಿ ಗ್ಯಾಸಿನ ಒತ್ತಡದಲ್ಲಿ ಹೊಡೀಬಹುದಲ್ವಾ ಅಂತ ಹೇಳಿದ್ದು ಅವರ ಹೆಂಡತಿ ಬಾನಿ. ರೇಡಿಯೇಟರ್ ಅಂದ್ರೆ ಚಳಿ ದೇಶದಲ್ಲಿ ಕೋಣೆ ಬೆಚ್ಚಗಿಡುವ, ಮಡಿಕೆ ಮಡಿಕೆ ಇರುವ ಸಾಮಾನು, ಬ್ರಷ್ ಹೋಗದ ಸಂದು ಜಾಸ್ತಿ. ನನ್ನ ಅಭಿಪ್ರಾಯವೂ ಅಷ್ಟೇ, ಜಾಲಿ ಡಿಸೈನಿನ ಕುರ್ಚಿ, ಬಳ್ಳಿ ಹೂವು ಕೊರೆದ ಬೆನ್ನು, ದುಂಡು ಪೈಪು, ಇದಕ್ಕೆಲ್ಲ ಸ್ಪ್ರೇ ಭಾರೀ ಒಳ್ಳೇದು. ದೊಡ್ಡ ಚಪ್ಪಟೆ ಟೇಬಲಿಗೆ, ಗೇಟಿಗೆ ಇಷ್ಟೊಂದು ಡಬ್ಬ ಖಾಲಿ ಮಾಡುವ ಬದಲು ಎನಾಮೆಲ್ ತಂದು ಬ್ರಷ್ಷಲ್ಲೇ ಹೊಡೀರಿ, ದುಡ್ಡು ಉಳೀತದೆ.

ಹೊಡೆಯುವ ಹೊತ್ತು ಯಾವುದು? ಮಳೆಗಾಲ ಬೇಡವೇ ಬೇಡ, ತೇವ ಜಾಸ್ತಿ ಇದ್ದಾಗ ಪೇಂಟ್ ಒಣಗುವಾಗ ಮೇಲೆ ಬಿಳಿ ಮಂಜು ಕೂತ ಹಾಗೆ ಆಗ್ತದೆ. ದೀಪಾವಳಿ ಕಳೆದು ಮಳೆ ಪೂರ್ತಿ ಬಿಟ್ಟ ಮೇಲೆ ಶುರು ಮಾಡಿ, ಎಷ್ಟೇ ತಡ ಆದ್ರೂ ಮೇ ಕೊನೆಗೆ ಬರುವ ಪತ್ತನಾಜೆಗೆ ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುವ ಮೊದಲೇ ಮುಗಿಸಿಬಿಡಿ. ದಿನದಲ್ಲಿ ಹೇಳುವುದಾದ್ರೆ ಬೆಳಿಗ್ಗೆ ಇಬ್ಬನಿ ಪೂರ್ತಿ ಆರಿದ ಮೇಲೆ, ಕಡಲ ಗಾಳಿ ಜೋರಾಗುವ ಮೊದಲು, ಅಂದಾಜು ಒಂಬತ್ತೂವರೆಯಿಂದ ಹನ್ನೊಂದೂವರೆ. ಮಧ್ಯಾಹ್ನದ ಗಾಳಿಗೆ ಅರ್ಧ ಪೇಂಟ್ ಪಕ್ಕದ ಮನೆಯವರ ಕಾರಿನ ಮೇಲೆ ಹೋಗ್ತದೆ, ಜೊತೆಗೆ ಗಾಳಿಯ ಉಪ್ಪು ಹಸಿ ಪೇಂಟಿಗೆ ಅಂಟ್ತದೆ. ನೇರ ಬಿಸಿಲೂ ಬೇಡ, ಕಬ್ಬಿಣ ಮುಟ್ಲಿಕ್ಕೆ ಆಗದಷ್ಟು ಕಾದಿದ್ರೆ ಪೇಂಟ್ ಹರಡುವ ಮೊದಲೇ ಒಣಗಿ ತರಿತರಿ ಆಗ್ತದೆ. ಅಂಗಳದಲ್ಲಿ ಮರದ ನೆರಳು ಒಳ್ಳೇದು, ಎಲೆ ಉದುರದ ಮರ ನೋಡ್ಕೊಳ್ಳಿ. ಗ್ರಿಲ್ ಹಾಕಿದ ಸಿಟೌಟ್ ಒಳಗೆ ಹೊಡೀಬೇಡಿ, ಆ ಗ್ಯಾಸು ಬೆಂಕಿ ಹಿಡಿಯುವಂಥದ್ದು, ದೇವರ ದೀಪವಾಗ್ಲಿ ಬಚ್ಚಲ ಒಲೆಯಾಗ್ಲಿ ಹತ್ತಿರ ಇರಬಾರದು. ಬಟ್ಟೆಯ ಮಾಸ್ಕ್ ಈ ವಾಸನೆಯನ್ನು ತಡೆಯುವುದಿಲ್ಲ, ಅದಕ್ಕೇ ತೆರೆದ ಜಾಗ ಅಂತ ಇಷ್ಟು ಒತ್ತಿ ಹೇಳುವುದು.

ಡಬ್ಬ ಅಲುಗಾಡಿಸುವಾಗ ಒಳಗಿನ ಗೋಲಿಯ ಸದ್ದು ಕೇಳಿದ ಮೇಲೂ ಒಂದೆರಡು ನಿಮಿಷ ಅಲುಗಾಡಿಸಿ. ಕುರ್ಚಿಯನ್ನು ತಲೆಕೆಳಗೆ ಮಾಡಿ ಮೊದಲು ಅಡಿ ಮತ್ತು ಕಾಲು, ಆಮೇಲೆ ನೆಟ್ಟಗೆ ನಿಲ್ಲಿಸಿ ಮೇಲ್ಭಾಗ. 25ರಿಂದ 30 ಸೆಂಟಿಮೀಟರ್ ದೂರ ಹಿಡಿದು, ಕುರ್ಚಿಯ ಅಂಚಿನ ಹೊರಗೇ ಬಟನ್ ಒತ್ತಿ, ಕೈ ನಿಲ್ಲಿಸದೆ ಈಚೆಯಿಂದ ಆಚೆ ಹೋಗಿ ಅಂಚು ದಾಟಿದ ಮೇಲೆ ಬಿಡಿ. ಮೊದಲ ಕೋಟಲ್ಲಿ ಪ್ರೈಮರ್ ಅಲ್ಲಲ್ಲಿ ಕಾಣ್ಲಿ, ಪರವಾಗಿಲ್ಲ, ಒಂದೇ ಸಲ ಮುಚ್ಚಿಬಿಡುವ ಅಂತ ಹೋದ್ರೆ ಪೇಂಟ್ ಇಳಿದು ಬರ್ತದೆ, ತೆಳ್ಳಗೆ ಮೂರು ಕೋಟ್ ಹಾಕಿದ್ರೆ ನಿಲ್ತದೆ. ಕೋಟ್ ನಡುವೆ ಎಷ್ಟು ಹೊತ್ತು ಬಿಡಬೇಕಂತ ಡಬ್ಬದ ಮೇಲೆ ಬರೆದಿರ್ತದೆ, ಅದನ್ನು ಓದಿ, ಕೆಲವದರಲ್ಲಿ ಒಂದು ಗಂಟೆಯೊಳಗೆ ಹೊಡೀಬೇಕು ಇಲ್ಲಾಂದ್ರೆ ಒಂದೆರಡು ದಿನ ಕಾಯಬೇಕು ಅಂತ ಇರ್ತದೆ, ನಡುವೆ ಹೊಡೆದ್ರೆ ಪೇಂಟ್ ಸುಕ್ಕುಗಟ್ತದೆ. ಮುಗಿದ ಮೇಲೆ ಡಬ್ಬ ಉಲ್ಟಾ ಹಿಡಿದು ಬರೀ ಗ್ಯಾಸ್ ಬರುವವರೆಗೆ ಒತ್ತಿದ್ರೆ ನಾಝಲ್ ಕಟ್ಟುವುದಿಲ್ಲ, ಉಳಿದದ್ದು ಮುಂದಿನ ವರ್ಷ ಟಚಪ್ಪಿಗೆ ಬೇಕಾಗ್ತದೆ. ಡಬ್ಬವನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ, ಖಾಲಿಯಾದ್ರೂ ಕಸದ ಜೊತೆ ಸುಡಬೇಡಿ, ಸಿಡೀತದೆ.

ಮುಟ್ಟಿದ್ರೆ ಒಣಗಿದ ಹಾಗೆ ಕಂಡ್ರೂ ಒಂದು ದಿನ ಕೂರಬೇಡಿ, ಕುಶನ್ ಹಾಕ್ಲಿಕ್ಕೆ ಒಂದು ವಾರ ಬಿಡಿ. ಆಮೇಲೆ ತಿಂಗಳಿಗೊಮ್ಮೆ ಸಿಹಿ ನೀರು ಹಾಕಿ ತೊಳೆದು ಒರೆಸಿ, ಮಳೆಗೆ ಮೊದಲು ಕುರ್ಚಿ ಕವುಚಿ ವೆಲ್ಡಿಂಗ್ ಜಾಗಗಳನ್ನು ಒಮ್ಮೆ ನೋಡಿ, ಎಲ್ಲಾದ್ರೂ ಕೆಂಪು ಚುಕ್ಕೆ ಕಂಡ್ರೆ ಅಲ್ಲಿಗೆ ಮಾತ್ರ ಎಮರಿ, ಪ್ರೈಮರ್, ಪೇಂಟ್. ನಮಸ್ಕಾರ.