ಆಂಬು ಬ್ಯಾಗ್ ಒತ್ತುತ್ತಾ ಊರಿಗೆ: ಐಸಿಯುವಿನ ಕೊನೆಯ ನಿರ್ಧಾರಗಳ ಬಗ್ಗೆ

ಎಲ್ಲರಿಗೂ ನಮಸ್ಕಾರ. ಸಭೆಯಲ್ಲಿ ಹೌಸ್ ಸರ್ಜನ್‌ಗಳಿದ್ದೀರಿ, ಐಸಿಯು ಸಿಸ್ಟರ್‌ಗಳಿದ್ದೀರಿ, ಮನೆಯಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುತ್ತಿರುವವರೂ ಇದ್ದೀರಿ. ಹಾಗಾಗಿ ಎಲ್ಲರೂ ಒಂದಲ್ಲ ಒಂದು ಸಲ ಕಂಡಿರುವ ದೃಶ್ಯದಿಂದಲೇ ಶುರು ಮಾಡುತ್ತೇನೆ.

ಮಂಗಳೂರಿನಲ್ಲೋ ಮಣಿಪಾಲದಲ್ಲೋ ದೊಡ್ಡ ಆಸ್ಪತ್ರೆಯೊಂದರ ಬಾಗಿಲು, ರಾತ್ರಿ ಹನ್ನೊಂದು ಗಂಟೆ. ಐಸಿಯುವಿನಿಂದ ಟ್ರಾಲಿ ಬರುತ್ತದೆ. ರೋಗಿಯ ಬಾಯಲ್ಲಿ ಟ್ಯೂಬ್ ಹಾಗೇ ಇದೆ. ಸಿಸ್ಟರ್ ಆಂಬು ಬ್ಯಾಗನ್ನು, ಅಂದರೆ ಕೈಯಿಂದ ಒತ್ತಿ ಉಸಿರು ತುಂಬುವ ಚೀಲವನ್ನು, ಮಗನ ಕೈಗೆ ಕೊಟ್ಟು, "ಹೀಗೆ ಒತ್ತುತ್ತಾ ಇರಿ" ಎಂದು ಎರಡು ಸಲ ತೋರಿಸಿಕೊಡುತ್ತಾರೆ. "ವೈದ್ಯರ ಸಲಹೆಗೆ ವಿರುದ್ಧವಾಗಿ, ಸ್ವಂತ ಜವಾಬ್ದಾರಿಯ ಮೇಲೆ ಕರೆದೊಯ್ಯುತ್ತಿದ್ದೇವೆ" ಎಂಬ ಸಾಲಿನ ಕೆಳಗೆ ಅದೇ ಮಗ ಆಗಲೇ ಸಹಿ ಹಾಕಿದ್ದಾನೆ. ಆಂಬುಲೆನ್ಸ್ ಹೊರಡುತ್ತದೆ.

ಈಗ ಲೆಕ್ಕ ಹಾಕಿ. ಮಂಗಳೂರಿನಿಂದ ಬೆಳ್ತಂಗಡಿ, ಉಜಿರೆ ದಾಟಿ ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರದಾಚೆಯ ಮನೆ ಸೇರಲು ಮೂರು ಗಂಟೆ ಎಂದುಕೊಳ್ಳೋಣ. ಆರು ಸೆಕೆಂಡಿಗೊಮ್ಮೆ ಒತ್ತಿದರೂ ಮಗ 1800 ಸಲ ಆ ಚೀಲ ಒತ್ತಬೇಕು. ಬಿ ಟೈಪ್ ಸಿಲಿಂಡರ್ ತುಂಬಿದ್ದರೆ ಅದರಲ್ಲಿರುವುದು ಸುಮಾರು 1500 ಲೀಟರ್ ಆಕ್ಸಿಜನ್. ನಿಮಿಷಕ್ಕೆ 10 ಲೀಟರ್ ಬಿಟ್ಟರೆ 150 ನಿಮಿಷಕ್ಕೆ ಖಾಲಿ. ಅಂದರೆ ಘಾಟಿಯ ತಿರುವುಗಳಲ್ಲೇ ಮುಗಿಯುತ್ತದೆ. ಅದೇ ತಿರುವುಗಳಲ್ಲಿ ಟ್ಯೂಬ್ ಕೂಡ ಜಾರುತ್ತದೆ. ಐಸಿಯುವಿನಲ್ಲಿ ಹನಿಹನಿಯಾಗಿ ಹೋಗುತ್ತಿದ್ದ ನೋವಿನ ಮದ್ದು ಮಾರ್ಫಿನ್, ಮಂಪರಿನ ಮದ್ದು ಮಿಡಜೋಲಾಮ್ ಪಂಪುಗಳು ಅಲ್ಲೇ ಉಳಿದಿವೆ. ರೋಗಿ ಉಸಿರಿಗಾಗಿ ಒದ್ದಾಡುತ್ತಾ ಹೋಗುತ್ತಾರೆ. ತಾನು ಒತ್ತುವುದು ನಿಧಾನವಾಯಿತೇ, ಅದಕ್ಕೇ ಅಪ್ಪ ಹೋದರೇ ಎಂಬ ಪ್ರಶ್ನೆ ಆ ಮಗನನ್ನು ಬದುಕಿಡೀ ಬಿಡುವುದಿಲ್ಲ.

ನಮ್ಮ ಕಡೆ ಜೀವಾಂತ್ಯದ ನಿರ್ಧಾರ ಬಹಳಷ್ಟು ಸಲ ಈ ರೂಪದಲ್ಲೇ ಆಗುತ್ತದೆ. ವೆಂಟಿಲೇಟರ್‌ನಿಂದ ಪ್ರಯೋಜನವಿಲ್ಲ ಎಂದು ವೈದ್ಯರಿಗೆ ಗೊತ್ತು. ಅದನ್ನು ತಮ್ಮ ಕೈಬರಹದಲ್ಲಿ ಬರೆಯಲು ಅವರಿಗೆ ಭಯ. ಆ ಭಯದ ಭಾರವನ್ನು ಮನೆಯವರ ಸಹಿ ಹೊರುತ್ತದೆ. ಇದು ಬದಲಾಗಬೇಕು, ಬದಲಾಯಿಸಲು ಬೇಕಾದ ಕಾನೂನೂ ವಿಜ್ಞಾನವೂ ನಮ್ಮ ಹತ್ತಿರ ಉಂಟು ಎಂಬುದೇ ಇವತ್ತು ನನಗೆ ಹೇಳಲಿಕ್ಕಿರುವುದು.

ಮೊದಲು ಸಿಪಿಆರ್ ವಿಷಯ. ಎದೆಯ ಮೇಲಿನಿಂದಲೇ ಒತ್ತಿ ಹೃದಯಕ್ಕೆ ಮರುಚಾಲನೆ ಕೊಡಬಹುದೆಂದು ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ಕೌವೆನ್‌ಹೋವೆನ್, ಜೂಡ್ ಮತ್ತು ನಿಕರ್‌ಬಾಕರ್ ಪ್ರಕಟಿಸಿದ್ದು 1960ರಲ್ಲಿ. ಹಠಾತ್ತಾಗಿ ಲಯ ತಪ್ಪಿದ, ಆದರೆ ಬದುಕುವ ಶಕ್ತಿ ಇನ್ನೂ ಇರುವ ಹೃದಯಕ್ಕೆ ಅದು ಮದ್ದು. ಕರೆಂಟ್ ಹೊಡೆದವರು, ನೀರಲ್ಲಿ ಮುಳುಗಿದವರು, ಹಾರ್ಟ್ ಅಟ್ಯಾಕ್‌ ಆದ ಮೊದಲ ಗಂಟೆಯಲ್ಲಿ ಕುಸಿದವರು, ಇವರಿಗೆಲ್ಲ ಒಂದು ಕ್ಷಣವೂ ಯೋಚಿಸದೆ ಮಾಡಬೇಕು. ಸರಿಯಾಗಿ ಮಾಡಬೇಕು. ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳ, ಪ್ರತಿ ಸಲವೂ ಎದೆ ಪೂರ್ತಿ ಮೇಲೆ ಬರಬೇಕು. ಟ್ಯೂಬ್ ಇಲ್ಲದಿದ್ದರೆ 30 ಒತ್ತಿಗೆ 2 ಉಸಿರು, ಎರಡು ನಿಮಿಷಕ್ಕೊಮ್ಮೆ ಒತ್ತುವವರ ಬದಲಾವಣೆ. ಹೃದಯ ಮತ್ತೆ ಬಡಿಯಲೆಂದು ಕೊಡುವ ಅಡ್ರಿನಲಿನ್ 1 ಮಿಲಿಗ್ರಾಂ, ಮೂರರಿಂದ ಐದು ನಿಮಿಷಕ್ಕೊಮ್ಮೆ.

ವಾರ್ಡ್‌ನಲ್ಲಿ ತಪ್ಪುವುದು ಎಲ್ಲಿ? ರೋಗಿ ಮೆತ್ತನೆಯ ಹಾಸಿಗೆಯ ಮೇಲಿರುತ್ತಾರೆ, ಬೆನ್ನ ಕೆಳಗೆ ಹಲಗೆ ಇರುವುದಿಲ್ಲ, ಹಾಗಾಗಿ ಎದೆಯ ಬದಲು ಹಾಸಿಗೆ ತಗ್ಗುತ್ತದೆ. ನಾಡಿ ಹುಡುಕುತ್ತಾ ಅರ್ಧ ನಿಮಿಷ ಕೈ ನಿಲ್ಲಿಸುತ್ತಾರೆ, ಹತ್ತು ಸೆಕೆಂಡ್ ದಾಟಬಾರದು. ಎಲ್ಲಕ್ಕಿಂತ ಹೆಚ್ಚಾಗಿ ಗಾಬರಿಯಲ್ಲಿ ಆಂಬು ಬ್ಯಾಗನ್ನು ನಿಮಿಷಕ್ಕೆ ಮೂವತ್ತು ಸಲ ಒತ್ತುತ್ತಾರೆ. ಎದೆಗೂಡಿನೊಳಗೆ ಒತ್ತಡ ಏರಿ ಹೃದಯಕ್ಕೆ ರಕ್ತ ಮರಳುವುದೇ ಕಡಿಮೆಯಾಗುತ್ತದೆ. ಟ್ಯೂಬ್ ಇದ್ದರೆ ಹತ್ತು ಸಲ ಸಾಕು.

ಇಷ್ಟೆಲ್ಲ ಸರಿಯಾದರೂ ಫಲ ಎಷ್ಟು? 1996ರಲ್ಲಿ ಅಮೆರಿಕದ ಸಂಶೋಧಕರು ಮೂರು ಟಿವಿ ಕಾರ್ಯಕ್ರಮಗಳಲ್ಲಿ ತೋರಿಸಿದ ಸಿಪಿಆರ್‌ಗಳನ್ನು ಎಣಿಸಿದರು. ಪರದೆಯ ಮೇಲೆ ಶೇ. 75 ಮಂದಿಗೆ ಹೃದಯ ಮತ್ತೆ ಬಡಿಯುತ್ತಿತ್ತು. ನಿಜ ಜೀವನದಲ್ಲಿ, ಅಮೆರಿಕದ ಆಸ್ಪತ್ರೆಗಳ ಒಳಗೇ ಹೃದಯ ನಿಂತವರಲ್ಲಿ ಮನೆಗೆ ಹೋಗುವವರು ಸುಮಾರು ನಾಲ್ವರಲ್ಲಿ ಒಬ್ಬರು. ಎಲ್ಲೆಡೆ ಹಬ್ಬಿದ ಕ್ಯಾನ್ಸರ್ ಇರುವವರಲ್ಲಿ, ಅಂಗಾಂಗಗಳು ಒಂದೊಂದಾಗಿ ಸೋಲುತ್ತಿರುವವರಲ್ಲಿ ಅದು ಬಹಳ ಕಡಿಮೆ. ಬ್ರಿಟನ್ನಿನ ಪ್ಯಾರಾಮೆಡಿಕ್-2 ಅಧ್ಯಯನ, 2018ರದ್ದು, ನಾವೆಲ್ಲರೂ ಮನಸ್ಸಿಟ್ಟು ಓದಬೇಕಾದದ್ದು. ಆಸ್ಪತ್ರೆಯ ಹೊರಗೆ ಹೃದಯ ನಿಂತ ಎಂಟು ಸಾವಿರಕ್ಕೂ ಹೆಚ್ಚು ಜನರಲ್ಲಿ ಅಡ್ರಿನಲಿನ್ ಕೊಟ್ಟವರಲ್ಲಿ ಶೇ. 3.2 ಮಂದಿ ಮೂವತ್ತು ದಿನ ಬದುಕಿದರು, ಕೊಡದವರಲ್ಲಿ ಶೇ. 2.4. ಆದರೆ ಹೀಗೆ ಉಳಿದವರಲ್ಲಿ ಮೆದುಳಿಗೆ ತೀವ್ರ ಹಾನಿಯಾದವರು ಅಡ್ರಿನಲಿನ್ ಗುಂಪಿನಲ್ಲಿ ಶೇ. 31, ಇನ್ನೊಂದರಲ್ಲಿ ಶೇ. 17.8. ಹೃದಯ ಮರಳುವುದು ಬೇರೆ, ಮನುಷ್ಯ ಮರಳುವುದು ಬೇರೆ. "ಏನಾದರೂ ಮಾಡಿ ಡಾಕ್ಟ್ರೇ" ಎನ್ನುವ ಮನೆಯವರಿಗೆ ಈ ವ್ಯತ್ಯಾಸ ಹೇಳುವವರು ಬೇಕು.

ಹಾಗೆಂದು ಬೇಗ ಕೈಚೆಲ್ಲುವುದೂ ಅಷ್ಟೇ ದೊಡ್ಡ ತಪ್ಪು. ನಮ್ಮದು ಇಲಿಜ್ವರದ ನಾಡು. ಮಳೆಗಾಲದಲ್ಲಿ ಗದ್ದೆಗೆ ಇಳಿದ ನಲವತ್ತರ ಆಸುಪಾಸಿನವರು ಕಿಡ್ನಿ ಸೋತು, ಶ್ವಾಸಕೋಶದಲ್ಲಿ ರಕ್ತಸ್ರಾವವಾಗಿ ವೆಂಟಿಲೇಟರ್‌ ಮೇಲೆ ಬರುತ್ತಾರೆ. ನೋಡುವುದಕ್ಕೆ ಭಯವಾಗುತ್ತದೆ, ಆದರೆ ಡಯಾಲಿಸಿಸ್ ಮತ್ತು ಸಮಯ ಕೊಟ್ಟರೆ ಅವರಲ್ಲಿ ಎಷ್ಟೋ ಮಂದಿ ನಡೆದುಕೊಂಡು ಮನೆಗೆ ಹೋಗುತ್ತಾರೆ. ಆರ್ಗನೋಫಾಸ್ಫರಸ್ ಜಾತಿಯ ಕೀಟನಾಶಕ ಕುಡಿದ ಕೆಲವರಲ್ಲಿ ಒಂದರಿಂದ ನಾಲ್ಕು ದಿನದೊಳಗೆ ಕತ್ತಿನ, ಉಸಿರಾಟದ ಸ್ನಾಯುಗಳು ಸೋಲುತ್ತವೆ. ಎರಡು ಮೂರು ವಾರ ವೆಂಟಿಲೇಟರ್ ಬೇಕಾಗಬಹುದು, ಆಮೇಲೆ ಶಕ್ತಿ ಮರಳುತ್ತದೆ. ಸಿಪಿಆರ್ ಆಗಿ ಪ್ರಜ್ಞೆ ಬಾರದವರ ಮೆದುಳಿನ ಭವಿಷ್ಯವನ್ನು 72 ಗಂಟೆ ಕಳೆಯುವ ಮೊದಲು ಹೇಳಲೇಬಾರದು. ಅದೂ ಮಂಪರು ಬರಿಸುವ ಮದ್ದು ದೇಹದಿಂದ ಪೂರ್ತಿ ಇಳಿದ ಮೇಲೆ, ಒಂದೇ ಪರೀಕ್ಷೆಯನ್ನು ನಂಬದೆ. ಖಚಿತವಿಲ್ಲದಿದ್ದರೆ ಅವಧಿ ಇಟ್ಟು ಪ್ರಯತ್ನಿಸಿ. "ಐದು ದಿನ ಪೂರ್ತಿ ಚಿಕಿತ್ಸೆ ಕೊಡುತ್ತೇವೆ. ಮೂತ್ರ, ಬಿಪಿ ಮದ್ದಿನ ಪ್ರಮಾಣ, ಪ್ರಜ್ಞೆ, ಈ ಮೂರನ್ನು ನೋಡುತ್ತೇವೆ. ಶನಿವಾರ ಸಂಜೆ ಮತ್ತೆ ಕೂರೋಣ." ಹೀಗೆ ಹೇಳಿ ಕೇಸ್ ಶೀಟಿನಲ್ಲೂ ಬರೆಯಿರಿ.

ಆ ಕೂರುವುದರ ಬಗ್ಗೆಯೂ ಸಂಶೋಧನೆ ಇದೆ. ಫ್ರಾನ್ಸಿನ 22 ಐಸಿಯುಗಳಲ್ಲಿ 126 ಕುಟುಂಬಗಳ ಜೊತೆ ನಡೆದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಎಂದಿನ ಮಾತುಕತೆ. ಇನ್ನೊಂದಕ್ಕೆ ಯೋಜಿಸಿದ ಸಭೆ ಮತ್ತು ಒಂದು ಕಿರುಪುಸ್ತಿಕೆ. ಆ ಸಭೆ ಹತ್ತು ನಿಮಿಷ ಮಾತ್ರ ಉದ್ದ, ಇಪ್ಪತ್ತರ ಬದಲು ಮೂವತ್ತು. ಆದರೆ ಮನೆಯವರು ಮಾತಾಡಿದ್ದು 5ರ ಬದಲು 14 ನಿಮಿಷ. ಮೂರು ತಿಂಗಳ ನಂತರ ಅವರಲ್ಲಿ ಆಘಾತದ, ಖಿನ್ನತೆಯ ಲಕ್ಷಣಗಳು ಸ್ಪಷ್ಟವಾಗಿ ಕಡಿಮೆ ಇದ್ದವು. ನಮ್ಮಲ್ಲಿ ಈ ಮಾತು ನಡೆಯುವುದು ಐಸಿಯು ಬಾಗಿಲ ಹೊರಗೆ, ಚಪ್ಪಲಿ ಸ್ಟ್ಯಾಂಡಿನ ಪಕ್ಕ, ನಿಂತುಕೊಂಡು. ಐದು ಕುರ್ಚಿ ಇರುವ ಕೋಣೆ ಹುಡುಕಿ. ನಿರ್ಧಾರ ಹೇಳುವ ದೊಡ್ಡಣ್ಣ ಕುವೈತ್‌ನಲ್ಲೋ ದುಬೈಯಲ್ಲೋ ಇದ್ದರೆ ಅವರ ಕೆಲಸದ ಹೊತ್ತು ನೋಡಿ ವಿಡಿಯೋ ಕರೆಯಲ್ಲಿ ಸೇರಿಸಿಕೊಳ್ಳಿ. ಬಿಟ್ಟರೆ ಮರುದಿನ ಎಲ್ಲ ಮೊದಲಿನಿಂದ ಶುರು. "ಎದೆ ಒತ್ತಬೇಕಾ, ಬೇಡವಾ?" ಎಂದು ಕೇಳಬೇಡಿ, ಬೇಡ ಎನ್ನಲು ಯಾವ ಮಗಳಿಗೂ ನಾಲಿಗೆ ಏಳುವುದಿಲ್ಲ. "ಅಮ್ಮ ಈಗ ಮಾತಾಡುವಂತಿದ್ದರೆ ಏನು ಹೇಳುತ್ತಿದ್ದರು?" ಎಂದು ಕೇಳಿ, ಆಮೇಲೆ ಸುಮ್ಮನೆ ಕೂತುಕೊಳ್ಳಿ.

ಸಿಪಿಆರ್ ಬೇಡ ಎಂದಾದರೆ ಅದನ್ನು ಬರೆಯುವ ಕ್ರಮವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲೇ ಡಿಎನ್‌ಎಆರ್, ಅಂದರೆ "ಸಿಪಿಆರ್ ಪ್ರಯತ್ನಿಸಬೇಡಿ" ಎಂಬ ಸೂಚನೆಯ ಮಾರ್ಗಸೂಚಿಯಾಗಿ ಕೊಟ್ಟಿದೆ. ಅದು ಸಿಪಿಆರ್‌ಗೆ ಮಾತ್ರ ಅನ್ವಯ. ಆಂಟಿಬಯಾಟಿಕ್, ಆಕ್ಸಿಜನ್, ನೋವಿನ ಮದ್ದು, ಸಿಸ್ಟರ್ ಬಂದು ಮಗ್ಗುಲು ಬದಲಿಸುವುದು ಎಲ್ಲ ಮುಂದುವರಿಯಬೇಕು. ಬರೆಯದೆ ಬಾಯಿಮಾತಲ್ಲಿ ಬಿಟ್ಟರೆ ರಾತ್ರಿ ಡ್ಯೂಟಿಯವರು ತೋರಿಕೆಗೆ ನಿಧಾನವಾಗಿ ನಾಲ್ಕು ಸಲ ಎದೆ ಒತ್ತುತ್ತಾರೆ. ಅದು ರೋಗಿಗೂ ಮನೆಯವರಿಗೂ ಮಾಡುವ ಮೋಸ.

ಇನ್ನು ಕಾನೂನು. ಹೊನ್ನಾವರ ತಾಲೂಕಿನ ಹಳದೀಪುರದ ಅರುಣಾ ಶಾನಭಾಗ್ ಹೆಸರು ನಮ್ಮ ಕರಾವಳಿಗೆ ಹೊಸತಲ್ಲ. 1973ರಲ್ಲಿ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಾಗ ದಾಳಿಗೊಳಗಾಗಿ, 2015ರವರೆಗೆ ಅಲ್ಲೇ ಹಾಸಿಗೆಯಲ್ಲಿದ್ದರು. ಅವರ ಪ್ರಕರಣದಲ್ಲಿ 2011ರಲ್ಲಿ ಸುಪ್ರೀಂ ಕೋರ್ಟ್ ಚೇತರಿಕೆಯಿಲ್ಲದವರ ಚಿಕಿತ್ಸೆ ನಿಲ್ಲಿಸುವುದಕ್ಕೆ ಮೊದಲ ಬಾರಿ ಬಾಗಿಲು ತೆರೆಯಿತು. ಕಾಮನ್ ಕಾಸ್ ಎಂಬ ಸಂಸ್ಥೆ ಹೂಡಿದ ಪ್ರಕರಣದ 2018ರ ತೀರ್ಪು ಘನತೆಯ ಸಾವನ್ನು ಮೂಲಭೂತ ಹಕ್ಕೆಂದು ಒಪ್ಪಿತು. ಆದರೆ ಅದರ ಕ್ರಮ ಎಷ್ಟು ತೊಡಕಾಗಿತ್ತೆಂದರೆ ನಡೆಸುವುದೇ ಕಷ್ಟವಾಗಿತ್ತು. 2023ರ ಜನವರಿಯಲ್ಲಿ ಅದನ್ನು ಸರಳಗೊಳಿಸಿದರು. ಕರ್ನಾಟಕ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಇದನ್ನು ಜಾರಿಗೆ ತರುವ ಸುತ್ತೋಲೆ ಹೊರಡಿಸಿದೆ.

ವೆಂಟಿಲೇಟರ್‌ನಂಥ ಚಿಕಿತ್ಸೆ ನಿಲ್ಲಿಸಲು ಈಗಿನ ದಾರಿ ಹೀಗೆ. ಚಿಕಿತ್ಸೆ ಕೊಡುತ್ತಿರುವ ವೈದ್ಯರು, ಜೊತೆಗೆ ಕನಿಷ್ಠ ಐದು ವರ್ಷ ಅನುಭವದ ಇಬ್ಬರು ತಜ್ಞರು, ಇದು ಪ್ರಾಥಮಿಕ ಮಂಡಳಿ. ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದ ಒಬ್ಬ ವೈದ್ಯರು ಮತ್ತು ಮೊದಲ ಮಂಡಳಿಯಲ್ಲಿಲ್ಲದ ಇಬ್ಬರು ತಜ್ಞರು ಸೇರಿ ಎರಡನೆಯ ಮಂಡಳಿ. ಪ್ರತಿ ಮಂಡಳಿಯೂ ಆದಷ್ಟು 48 ಗಂಟೆಯೊಳಗೆ ಅಭಿಪ್ರಾಯ ಕೊಡಬೇಕು. ಮನೆಯವರ ಲಿಖಿತ ಒಪ್ಪಿಗೆ ಬೇಕು. ಜಾರಿಗೆ ಮೊದಲು ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ತಿಳಿಸಿದರೆ ಸಾಕು, ಅವರ ಅನುಮತಿಗೆ ಕಾಯಬೇಕಾಗಿಲ್ಲ. ಈ ಒಂದು ಅಂಶ ತಿಳಿಯದೆಯೇ ಹಲವರು ಹಿಂದೆ ಸರಿಯುತ್ತಾರೆ. ಆರೋಗ್ಯವಾಗಿರುವಾಗಲೇ ಮುಂಗಡ ಇಚ್ಛಾಪತ್ರ ಬರೆದಿಡುವುದಕ್ಕೆ ಹದಿನೆಂಟು ದಾಟಿದವರು ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ, ನೋಟರಿ ಇಲ್ಲವೇ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಪಡೆದರೆ ಆಯಿತು. ತಮ್ಮ ಪರವಾಗಿ ಮಾತಾಡುವವರ ಹೆಸರನ್ನು ಅದರಲ್ಲಿ ಬರೆಯಬೇಕು. ಪತ್ರ ಬೀರುವಿನ ಒಳಗೆ ಬೀಗ ಹಾಕಿಟ್ಟರೆ ಫಲವಿಲ್ಲ, ಒಂದು ಪ್ರತಿ ಮನೆಯ ಡಾಕ್ಟರ ಹತ್ತಿರ ಇರಲಿ.

ಎಲ್ಲ ಆಗಿ, ವೆಂಟಿಲೇಟರ್ ತೆಗೆಯುವ ದಿನ ಬಂತು ಅನ್ನಿ. ಆ ಒಂದು ಗಂಟೆಯ ಕೆಲಸವನ್ನು ಆಪರೇಷನ್ನಿನಷ್ಟೇ ಎಚ್ಚರದಿಂದ ಮಾಡಬೇಕು. ಸ್ನಾಯು ಸಡಿಲಿಸುವ ಮದ್ದು ನಿಲ್ಲಿಸಿ, ಅದರ ಪರಿಣಾಮ ಪೂರ್ತಿ ಹೋಗಿದೆಯೇ ನೋಡಿ. ಇಲ್ಲದಿದ್ದರೆ ರೋಗಿ ಒಳಗೊಳಗೇ ಉಸಿರುಗಟ್ಟುತ್ತಿದ್ದರೂ ಮುಖ ಶಾಂತವಾಗಿಯೇ ಕಾಣುತ್ತದೆ. ಮೂಗಿನ ನಳಿಕೆಯ ಆಹಾರವನ್ನು ಕೆಲವು ಗಂಟೆ ಮೊದಲೇ ನಿಲ್ಲಿಸಿ. ಗಂಟಲಲ್ಲಿ ಕಫ ಗೊರಗೊರ ಎನ್ನದಂತೆ ಗ್ಲೈಕೋಪೈರೋಲೇಟ್ 0.2 ಮಿಲಿಗ್ರಾಂ. ಮೊದಲು ಮಾರ್ಫಿನ್ ಪಡೆಯದವರಿಗೆ 2ರಿಂದ 5 ಮಿಲಿಗ್ರಾಂ, ಜೊತೆಗೆ ಮಿಡಜೋಲಾಮ್ 1ರಿಂದ 2 ಮಿಲಿಗ್ರಾಂ, ರಕ್ತನಾಳಕ್ಕೆ. ಹತ್ತು ನಿಮಿಷ ಹಾಸಿಗೆಯ ಪಕ್ಕ ನಿಂತು ಹುಬ್ಬು, ಮೂಗಿನ ಹೊಳ್ಳೆ, ಕತ್ತಿನ ಸ್ನಾಯು ನೋಡಿ. ಒದ್ದಾಟ ಕಂಡರೆ ಮತ್ತೆ ಕೊಡಿ, ಯಂತ್ರಕ್ಕೆ ಕೈಹಾಕಬೇಡಿ. ಆಮೇಲೆ ವೆಂಟಿಲೇಟರ್‌ನ ಆಕ್ಸಿಜನ್ ಪ್ರಮಾಣ ಶೇ. 21ಕ್ಕೆ, ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಉಳಿಸುವ ಒತ್ತಡ (ಪೀಪ್) 5ಕ್ಕೆ, ಉಸಿರೆಳೆಯಲು ಯಂತ್ರ ಕೊಡುವ ಒತ್ತಾಸೆ (ಪ್ರೆಷರ್ ಸಪೋರ್ಟ್) ಹಂತಹಂತವಾಗಿ ಕೆಳಗೆ, ಹದಿನೈದಿಪ್ಪತ್ತು ನಿಮಿಷದಲ್ಲಿ. ಅಲಾರಂಗಳನ್ನು ಮೊದಲೇ ಆರಿಸಿ. ಬಿಪಿ ಕಫ್ ಬಿಚ್ಚಿ, ಅದು ತಾನಾಗಿ ಉಬ್ಬುವಾಗ ಮನೆಯವರೆಲ್ಲ ಬೆಚ್ಚಿಬೀಳುತ್ತಾರೆ. ಎದೆಯಲ್ಲಿ ಐಸಿಡಿ, ಅಂದರೆ ಲಯ ತಪ್ಪಿದಾಗ ತಾನಾಗಿ ಶಾಕ್ ಕೊಡುವ ಸಾಧನ, ಇದ್ದರೆ ಅದರ ಶಾಕ್ ಬಂದ್ ಮಾಡಿಸಿ. ಒದ್ದಾಟ ತಗ್ಗಿಸಲು ಅಳೆದು ಕೊಡುವ ಮಾರ್ಫಿನ್ ಸಾವನ್ನು ತರುವುದಿಲ್ಲ. ಸಾವನ್ನು ತರುವುದು ರೋಗ.

ಬಾಯಿಗೆ ನೀರು ಬಿಡುವ ಹೊತ್ತು ಅದೇ. ತುಳಸಿ ನೀರಾಗಲಿ, ಝಮ್‌ಝಮ್ ಆಗಲಿ, ಲೋಟ ಎತ್ತಿ ಹೊಯ್ದರೆ ಶ್ವಾಸನಾಳಕ್ಕೆ ಹೋಗಿ ಕೆಮ್ಮು, ಒದ್ದಾಟ. ಹತ್ತಿಯಲ್ಲಿ ಅದ್ದಿ ತುಟಿಗೆ, ಕೆನ್ನೆಯ ಒಳಬದಿಗೆ ಎರಡು ಹನಿ ಸಾಕು. ಪಾದ್ರಿಗಳು ತೈಲ ಹಚ್ಚಲು ಬರುವುದಾದರೆ ಟ್ಯೂಬ್ ತೆಗೆಯುವ ಸಮಯವನ್ನು ಅವರಿಗೆ ಹೊಂದಿಸಿ. ಐಸಿಯು ನಿಯಮದ ಇಬ್ಬರೇ ಸಂದರ್ಶಕರು ಎಂಬ ಫಲಕ ಆ ಒಂದು ಗಂಟೆ ಅನ್ವಯಿಸಬಾರದು.

ಮನೆಯಲ್ಲೇ ಕೊನೆಯುಸಿರು ಬಿಡಬೇಕು ಎಂಬ ಆಸೆ ನಮ್ಮವರಲ್ಲಿ ಆಳವಾಗಿದೆ, ಅದು ತಪ್ಪಲ್ಲ. ಕಳುಹಿಸುವುದಾದರೆ ಕಳುಹಿಸುವ ಹಾಗೆ ಕಳುಹಿಸಿ. ದಾರಿಯ ಗಂಟೆಗಳನ್ನು ಲೆಕ್ಕ ಹಾಕಿ, ಅದರ ಒಂದೂವರೆ ಪಟ್ಟು ಆಕ್ಸಿಜನ್, ಬಿ ಟೈಪ್ ಆದರೆ ಎರಡು ಮೂರು ಸಿಲಿಂಡರ್, ಮೀಟರ್ ಕಣ್ಣಾರೆ ನೋಡಿ. ಆಂಬು ಒತ್ತಲು ತರಬೇತಾದ ಸಿಬ್ಬಂದಿ, ಮಗನಲ್ಲ. ತೋಳಿನ ಚರ್ಮದಡಿ ಒಂದು ಬಟರ್‌ಫ್ಲೈ ಸೂಜಿ ಹಾಕಿ ಪ್ಲಾಸ್ಟರ್ ಅಂಟಿಸಿ, ಮಾರ್ಫಿನ್ ಮತ್ತು ಮಿಡಜೋಲಾಮ್ ಅನ್ನು ಸಿರಿಂಜಿನಲ್ಲಿ ತುಂಬಿ, ಹೆಸರು, ಪ್ರಮಾಣ, ಸಮಯ ಕನ್ನಡದಲ್ಲಿ ಬರೆದು ಪ್ರಿಸ್ಕ್ರಿಪ್ಷನ್ ಜೊತೆ ಕೊಡಿ. ಡಿಸ್ಚಾರ್ಜ್ ಪತ್ರದಲ್ಲಿ "ವೈದ್ಯರ ಸಲಹೆಗೆ ವಿರುದ್ಧವಾಗಿ" ಎಂಬ ಸಾಲು ಬೇಡ. "ಉಪಶಮನ ಆರೈಕೆಗಾಗಿ ಮನೆಗೆ" ಎಂದು ಬರೆದು ವೈದ್ಯರೇ ಸಹಿ ಹಾಕಲಿ. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ಆಂಬುಲೆನ್ಸ್ ಹೊರಡುವ ಮೊದಲು ಫೋನ್ ಮಾಡಿ, ಮನೆಗೆ ಹೋಗಿ ನೋಡಲು ಹೇಳಿ. ಕೊನೆಯ ಕಾಯಿಲೆಯಲ್ಲಿ ನೋಡಿದ ವೈದ್ಯರಿದ್ದರೆ ಮಾತ್ರ 4ಎ ನಮೂನೆಯಲ್ಲಿ ಸಾವಿನ ಕಾರಣ ಬರೆದುಕೊಡಲು ಸಾಧ್ಯ. ಆ ಫೋನ್ ಮಾಡದಿದ್ದರೆ, ಹೆಣ ಅಂಗಳದಲ್ಲಿರುವಾಗ ಮನೆಯವರು ಸರ್ಟಿಫಿಕೇಟಿಗಾಗಿ ಮತ್ತೆ ನಮ್ಮ ಬಾಗಿಲಿಗೇ ಬರಬೇಕಾಗುತ್ತದೆ.