ಪಟ್ಟು ಆಮೇಲೆ, ಬಸ್ಕಿ ಮೊದಲು

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಕುಸ್ತಿ ಕಲಿಸುವವನು ಎಂದು ಗೊತ್ತಾದ ಕೂಡಲೇ ಜನ ಕೇಳುವುದು ಒಂದೇ ಪ್ರಶ್ನೆ: ಟಿವಿಯಲ್ಲಿ ಬರುತ್ತದಲ್ಲ, ಆ ವೃತ್ತಿಪರ ಕುಸ್ತಿ, ಅದು ನಿಜವೋ ನಾಟಕವೋ? ಉತ್ತರ ಹೇಳಿಬಿಡುತ್ತೇನೆ. ಯಾರು ಗೆಲ್ಲಬೇಕು ಎಂಬುದು ಮೊದಲೇ ತೀರ್ಮಾನವಾಗಿರುತ್ತದೆ. ಆಯಿತೇ? ಇನ್ನು ಆ ಮಾತು ಬೇಡ. ನೂರು ಕಿಲೋ ತೂಕದ ಮನುಷ್ಯನನ್ನು ತಲೆಯ ಮೇಲಿಂದ ಎತ್ತಿ ಹಿಂದಕ್ಕೆ ಒಗೆಯುವುದರಲ್ಲಿ ನಾಟಕವೇನೂ ಇಲ್ಲ. ಒಗೆಯುವವನ ಕಾಲು ಆ ಕ್ಷಣದಲ್ಲಿ ನಡುಗಿದರೆ, ಬೀಳುವವನ ಕುತ್ತಿಗೆ ಹೋಯಿತು. ಅದಕ್ಕೇ ಹಳೆಯ ಕಾಲದ ಶಿಬಿರಗಳಲ್ಲಿ ಮೊದಲು ಕಲಿಸುತ್ತಿದ್ದುದು ಪಟ್ಟನ್ನಲ್ಲ, ಕಾಲನ್ನು. ನಾನು ಇವತ್ತು ಹೇಳಲು ಬಂದಿರುವುದೂ ಅಷ್ಟೇ. ಮೊದಲು ಕಾಲು.

ಇಂಗ್ಲೆಂಡಿನಲ್ಲಿ ವಿಗನ್ ಎಂಬ ಊರಿದೆ. ಆ ಕಾಲದಲ್ಲಿ ಕಲ್ಲಿದ್ದಲು ಗಣಿಗಳ ಊರು. ಅಲ್ಲಿ ಬಿಲ್ಲಿ ರೈಲಿ ಎಂಬ ಉಸ್ತಾದ ಒಂದು ತಗಡಿನ ಛಾವಣಿಯ ಕೊಟ್ಟಿಗೆಯಲ್ಲಿ ಕುಸ್ತಿ ಕಲಿಸುತ್ತಿದ್ದ. ಜನ ಅದಕ್ಕೆ ಇಟ್ಟ ಹೆಸರು ‘ಹಾವಿನ ಗುಂಡಿ’. ದಿನವಿಡೀ ನೆಲದಡಿ ಕಲ್ಲಿದ್ದಲು ಕಡಿದ ಗಂಡಸರು ಸಂಜೆ ಬಂದು ಅಲ್ಲಿ ಒಬ್ಬರನ್ನೊಬ್ಬರು ತಿರುಚುತ್ತಿದ್ದರು. ಕೀಲು ಹಿಡಿದು, ಎದುರಾಳಿ ‘ಸಾಕು’ ಎನ್ನುವವರೆಗೆ ಬಿಡದ ಕುಸ್ತಿ.

ಕಾರ್ಲ್ ಗಾಚ್ ಎಂಬುವನು ಅಲ್ಲಿಗೆ ಬಂದ. ಬೆಲ್ಜಿಯಂ ದೇಶದವನು, ಹುಟ್ಟಿದಾಗಿನ ಹೆಸರು ಇಸ್ತಾಜ್. ಸಾಮಾನ್ಯನಲ್ಲ, 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಗ್ರೀಕೊ-ರೋಮನ್ ಮತ್ತು ಫ್ರೀಸ್ಟೈಲ್ ಎರಡರಲ್ಲೂ ತನ್ನ ದೇಶದ ಪರವಾಗಿ ಸೆಣಸಿದವನು. ಒಲಿಂಪಿಕ್ ಪೈಲ್ವಾನನಿಗೆ ಗಣಿ ಕೂಲಿಗಳು ಯಾವ ಲೆಕ್ಕ? ಹಾಗೆಂದುಕೊಂಡೇ ಆತ ಕಣಕ್ಕೆ ಇಳಿದಿರಬೇಕು. ಇಳಿದವನನ್ನು ತನಗಿಂತ ಹಗುರ ಮೈಯವರೇ ಗಂಟು ಕಟ್ಟಿ ಮೂಲೆಗೆ ಹಾಕಿದರು. ಬೇರೆ ಯಾರಾದರೂ ಆಗಿದ್ದರೆ ರೈಲು ಹತ್ತಿ ಊರಿಗೆ ಹೋಗುತ್ತಿದ್ದರು. ಗಾಚ್ ಅಲ್ಲೇ ಉಳಿದ. ವರ್ಷಗಟ್ಟಲೆ ಅದೇ ತಗಡಿನ ಕೆಳಗೆ ಏಟು ತಿಂದು ಕಲಿತ.

ನಮಗೆ ಸಂಬಂಧಪಟ್ಟ ವಿಷಯ ಇಲ್ಲಿಂದ ಮುಂದೆ ಬರುತ್ತದೆ, ಗಮನವಿಟ್ಟು ಕೇಳಿ. ಪಟ್ಟುಗಳನ್ನು ಗಾಚ್ ಕಲಿತದ್ದು ವಿಗನ್‌ನಲ್ಲಿ. ಮೈಯನ್ನು ಕಟ್ಟಿಕೊಂಡದ್ದು ಮಾತ್ರ ನಮ್ಮ ದೇಶದ ಗರಡಿಯ ಸಾಮಿನಿಂದ. ಬಸ್ಕಿ, ದಂಡ, ಗದೆ ತಿರುಗಿಸುವುದು. ಮೈಸೂರಿನ ಯಾವ ಗರಡಿಮನೆಗೆ ಹೋದರೂ, ಕೆಮ್ಮಣ್ಣಿನ ಮಟ್ಟಿಯ ಪಕ್ಕದಲ್ಲಿ ಹುಡುಗರು ಬೆಳಿಗ್ಗೆ ಮಾಡುತ್ತಾರಲ್ಲ, ಅದೇ. 1910ರಲ್ಲಿ ಲಂಡನ್ನಿಗೆ ಹೋಗಿ ಪೋಲೆಂಡಿನ ಜ್ಬಿಸ್ಕೋನಂಥ ದೈತ್ಯ ಪೈಲ್ವಾನನನ್ನು ಎರಡೂವರೆ ಗಂಟೆ ನೆಲ ಕಚ್ಚಿಸಿದ್ದ ಗಾಮಾ ಪೈಲ್ವಾನ್ ದಿನಕ್ಕೆ ಸಾವಿರಗಟ್ಟಲೆ ಬಸ್ಕಿ ಹೊಡೆಯುತ್ತಿದ್ದನೆಂಬ ಪ್ರತೀತಿ ಇದೆಯಷ್ಟೆ. ಗಾಚ್‌ಗೆ ಆತನ ಮೇಲೆ ಅಪಾರ ಭಕ್ತಿ. ತೂಕ ಎತ್ತುವ ಯಂತ್ರಗಳೆಂದರೆ ತಾತ್ಸಾರ.

ಆತನ ಒಂದು ಪದ್ಧತಿ ನನಗೆ ಬಹಳ ಇಷ್ಟ. ಒಂದು ಕಟ್ಟು ಇಸ್ಪೀಟ್ ಎಲೆಗಳನ್ನು ಕಲಸಿ ನೆಲದ ಮೇಲೆ ಬೋರಲು ಇಡುತ್ತಿದ್ದ. ಒಂದೊಂದೇ ಎಲೆ ತೆಗೆಯಬೇಕು. ಕೆಂಪು ಬಂದರೆ ದಂಡ, ಕಪ್ಪು ಬಂದರೆ ಬಸ್ಕಿ. ಎಲೆಯ ಮೇಲೆ ಎಷ್ಟಿದೆಯೋ ಅಷ್ಟು. ಐವತ್ತೆರಡೂ ಮುಗಿಯುವವರೆಗೆ ಕುಳಿತುಕೊಳ್ಳುವಂತಿಲ್ಲ. ಮೊದಲ ಹತ್ತು ಎಲೆಗೆ ಎಲ್ಲರೂ ನಗುತ್ತಿರುತ್ತಾರೆ. ಇಪ್ಪತ್ತು ದಾಟಿದ ಮೇಲೆ ತೊಡೆ ತಾನಾಗಿ ಅದುರುತ್ತದೆ, ಮೂಗಿನ ತುದಿಯಿಂದ ಬೆವರು ಎಲೆಗಳ ಮೇಲೆಯೇ ತೊಟ್ಟಿಕ್ಕುತ್ತದೆ, ಮುಂದಿನ ಎಲೆ ತೆಗೆಯಲು ಬಗ್ಗುವುದೇ ಒಂದು ಕಸರತ್ತಾಗುತ್ತದೆ. ನನ್ನ ಹುಡುಗರಿಗೂ ಮಾಡಿಸಿದ್ದೇನೆ. ಮರುದಿನ ಅರ್ಧ ಜನ ಬರಲಿಲ್ಲ. ಬಂದವರಿಗೆ ಮಾತ್ರ ಪಟ್ಟು ಹೇಳಿಕೊಟ್ಟೆ.

ಈ ಗಾಚ್ ಜಪಾನಿಗೆ ಹೋದ. ಅಲ್ಲಿ ಆತನಿಗೆ ಸಿಕ್ಕ ಬಿರುದು ‘ಕುಸ್ತಿಯ ದೇವರು’. ಆಂಟೋನಿಯೊ ಇನೋಕಿ ಎಂಬ ಜಪಾನಿ ಪೈಲ್ವಾನ 1972ರಲ್ಲಿ ನ್ಯೂ ಜಪಾನ್ ಎಂಬ ವೃತ್ತಿಪರ ಕುಸ್ತಿ ಸಂಸ್ಥೆ ಕಟ್ಟಿದಾಗ ಮೊದಲ ಪ್ರದರ್ಶನದಲ್ಲೇ ಗಾಚ್ ಆತನನ್ನು ಸೋಲಿಸಿದ. ಹುಡುಗರನ್ನು ತಿದ್ದುವ ಕೆಲಸವನ್ನೂ ವಹಿಸಿಕೊಂಡ. ಟೋಕಿಯೊದ ಸೆಟಗಾಯಾದಲ್ಲಿ ಆ ಸಂಸ್ಥೆಯ ದೋಜೊ ಇದೆ, ಅಂದರೆ ಅವರ ಗರಡಿ. ಹೊಸ ಹುಡುಗ ಅಲ್ಲೇ ಮಲಗಬೇಕು, ಕಸ ಗುಡಿಸಬೇಕು, ಹಿರಿಯರ ಬಟ್ಟೆ ಒಗೆಯಬೇಕು, ಎಲ್ಲರಿಗೂ ಅಡುಗೆ ಮಾಡಬೇಕು. ಜೊತೆಗೆ ನೂರಾರು ಬಸ್ಕಿ. ಸಾವಿರ ಹೊಡೆಸಿದ ದಿನಗಳೂ ಉಂಟು. ಕೋಟೆತ್ಸು ಯಮಾಮೊಟೊ ಎಂಬ ತರಬೇತುದಾರನಿಗಂತೂ ‘ರಾಕ್ಷಸ ಹವಾಲ್ದಾರ’ ಎಂದೇ ಹೆಸರಿತ್ತು. ಬಿದಿರು ಕೋಲಿನ ಪೆಟ್ಟುಗಳೂ ಬೀಳುತ್ತಿದ್ದವು. ಕೋಲನ್ನು ನಾನು ಒಪ್ಪುವುದಿಲ್ಲ. ಬಸ್ಕಿಯನ್ನು ಒಪ್ಪುತ್ತೇನೆ. ಕಾಲು ಗಟ್ಟಿಯಾಗದೆ ಪಟ್ಟು ಕಲಿಸುವುದೆಂದರೆ ಹಸಿ ಗೋಡೆಗೆ ಸುಣ್ಣ ಬಳಿದಂತೆ.

1976ರ ಡಿಸೆಂಬರಿನಲ್ಲಿ ಇನೋಕಿ ಕರಾಚಿಗೆ ಬಂದ. ಎದುರಾಳಿ ಅಕ್ರಂ ಪೈಲ್ವಾನ್, ಗಾಮಾನ ತಮ್ಮ ಇಮಾಮ್ ಬಕ್ಷ್‌ನ ಮಗ. ಮೂರನೆಯ ಸುತ್ತಿನಲ್ಲಿ ಇನೋಕಿ ಅಕ್ರಂನ ತೋಳನ್ನು ಮಡಿಸಿ ತಿರುಚಿದ, ತೋಳು ಮುರಿಯಿತು. ವಿಗನ್‌ನವರ ಅಚ್ಚುಮೆಚ್ಚಿನ ಪಟ್ಟು ಅದು. ಗಾಮಾನ ಮನೆಯ ಬಸ್ಕಿಯೇ ಬೆಲ್ಜಿಯಂನವನ ಮೂಲಕ ಜಪಾನಿಗೆ ಹೋಗಿ, ಗಾಮಾನ ಮನೆಯವರನ್ನೇ ಸೋಲಿಸಿತು ನೋಡಿ.

ಗಾಚ್‌ನ ವಿಷಯ ತೆಗೆದರೆ ನನಗೆ ಹೊತ್ತು ಹೋದದ್ದು ತಿಳಿಯುವುದಿಲ್ಲ. ಅಮೆರಿಕದ ಶಿಬಿರಗಳ ಬಗ್ಗೆ ವಿವರವಾಗಿ ಹೇಳಬೇಕೆಂದಿದ್ದೆ, ಈಗ ಓಡಿಸಿಕೊಂಡು ಹೋಗಬೇಕಾಗಿದೆ. ಮಿನೆಸೋಟದಲ್ಲಿ ವರ್ನ್ ಗಾನ್ಯ ಎಂಬ ಪೈಲ್ವಾನ ತನ್ನ ಜಮೀನಿನ ಕೊಟ್ಟಿಗೆಯಲ್ಲಿ, ಕೊರೆಯುವ ಚಳಿಯಲ್ಲಿ ಶಿಬಿರ ನಡೆಸುತ್ತಿದ್ದ. ಅಲ್ಲಿ ಕಲಿಸಿದವರಲ್ಲಿ ಬಿಲ್ಲಿ ರಾಬಿನ್ಸನ್ ಒಬ್ಬ, ಆತನೂ ವಿಗನ್‌ನ ಗುಂಡಿಯಿಂದಲೇ ಬಂದವನು. ಮುಂದೆ ಜಗತ್ಪ್ರಸಿದ್ಧನಾದ ರಿಕ್ ಫ್ಲೇರ್ ಆ ಶಿಬಿರವನ್ನು ಬಿಟ್ಟು ಓಡಿದ್ದ. ಗಾನ್ಯ ಮನೆಗೇ ಹೋಗಿ ಎಳೆದು ತಂದ. ಕೆನಡಾದ ಕ್ಯಾಲ್ಗರಿಯಲ್ಲಿ ಸ್ಟು ಹಾರ್ಟ್‌ನ ಮನೆಯ ನೆಲಮಾಳಿಗೆಯೇ ಗರಡಿಯಾಗಿತ್ತು. ಅಲ್ಲಿ ಹಿಡಿತಕ್ಕೆ ಸಿಕ್ಕ ಹುಡುಗರ ಕೂಗು ಮೇಲಿನ ಮನೆಗೆಲ್ಲ ಕೇಳಿಸುತ್ತಿತ್ತಂತೆ. ಫ್ಲೋರಿಡಾದಲ್ಲಿ ಹಿರೋ ಮತ್ಸುದಾ ಎಂಬ ತರಬೇತುದಾರನಿದ್ದ. ಮುಂದೆ ಟಿವಿ ಕುಸ್ತಿಯ ತಾರೆಯಾದ ಹಲ್ಕ್ ಹೋಗನ್ ಸ್ವತಃ ಹೇಳಿಕೊಂಡ ಪ್ರಕಾರ, ಮೊದಲ ದಿನವೇ ಆತನಿಗೆ ಕಸರತ್ತು ಮಾಡಿಸಿ ಸುಸ್ತು ಹೊಡೆಸಿ, ಆಮೇಲೆ ಕಾಲು ಮುರಿದು ಕಳಿಸಿದರು. ಗುಣವಾದ ಮೇಲೆ ಹೋಗನ್ ಮತ್ತೆ ಅದೇ ಬಾಗಿಲಿಗೆ ಹೋದ. ಕಾಲು ಮುರಿಯುವುದು ಕಲಿಸುವ ಕ್ರಮವಲ್ಲ, ಬರೀ ಕ್ರೌರ್ಯ. ಅದನ್ನು ಇಲ್ಲಿ ಯಾರೂ ಅನುಕರಿಸಬೇಡಿ.

ಕೊನೆಯದಾಗಿ ತಾಯಂದಿರಿಗೆ ಒಂದು ಮಾತು. ನಿಮ್ಮ ಮಗ ಟಿವಿ ನೋಡಿ ಮಂಚದ ಮೇಲಿಂದ ತಮ್ಮನ ಬೆನ್ನಿಗೆ ಹಾರುತ್ತಿದ್ದರೆ ಟಿವಿ ಆರಿಸಬೇಡಿ. ಹಾರುವುದಕ್ಕೆ ಮುಂಚೆ ಬಸ್ಕಿ ಹೊಡೆಯಲಿ ಎಂದು ನಿಯಮ ಮಾಡಿ. ಬೆನ್ನು ನೆಟ್ಟಗಿರಲಿ, ಕುಳಿತಾಗ ಹಿಮ್ಮಡಿ ಮೇಲೇಳಲಿ, ಕೈ ಹಿಂದಿನಿಂದ ಮುಂದಕ್ಕೆ ಬೀಸಿ ಬರಲಿ, ಏಳುವಾಗ ಉಸಿರು ಒಳಗೆ. ಐವತ್ತು ಸಾಕು. ಎಣಿಸುವುದಕ್ಕೆ ತಮ್ಮನನ್ನೇ ನಿಲ್ಲಿಸಿ, ಅವನು ಒಂದನ್ನೂ ಬಿಟ್ಟುಕೊಡುವುದಿಲ್ಲ.

ನಮಸ್ಕಾರ.