ಹೃದಯದ ಆಪರೇಷನ್ ಆದ ಮಗುವಿನ ಕಿಡ್ನಿ

ಕೇಳುಗರಿಗೆ ನಮಸ್ಕಾರ.

ಅಂಗನವಾಡಿಗೆ ಬಂದ ಡಾಕ್ಟರು ಸ್ಟೆತಾಸ್ಕೋಪ್ ಇಟ್ಟು ನೋಡಿ, "ಎದೆಯಲ್ಲಿ ಏನೋ ಸದ್ದಿದೆ, ತೋರಿಸಿ" ಅನ್ನುತ್ತಾರೆ. ಇದು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ, 2013ರಲ್ಲಿ ಶುರುವಾದದ್ದು. ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿದರೆ ಹೃದಯದಲ್ಲಿ ತೂತು. ಆಮೇಲೆ ಚಳ್ಳಕೆರೆಯವರಿರಲಿ, ಜಗಳೂರಿನವರಿರಲಿ, ಬೆಂಗಳೂರಿನ ಬಸ್ಸು ಹತ್ತಲೇಬೇಕು. ಮಕ್ಕಳ ವೈದ್ಯನಾಗಿ ನಾನು ಇಂಥ ಮಕ್ಕಳನ್ನು ನೋಡುವುದು ಎರಡು ಸಲ: ಕಳಿಸುವಾಗ, ಮತ್ತೆ ಅವರು ವಾಪಸ್ ಬಂದ ಮೇಲೆ.

ವಾಪಸ್ ಬಂದವರಲ್ಲಿ ಕೆಲವರು ಕೇಳುತ್ತಾರೆ: "ಡಾಕ್ಟ್ರೇ, ಹಾರ್ಟ್ ಸರಿ ಮಾಡೋಕೆ ಹೋಗಿ ಕಿಡ್ನಿ ಕೆಡಿಸಿದ್ರಾ?" ಊರಲ್ಲಿ ಯಾರೋ ಹಾಗಂದಿರುತ್ತಾರೆ. ಇಲ್ಲಮ್ಮಾ, ಯಾರೂ ಕೆಡಿಸಿಲ್ಲ. ಹೃದಯದ ಆಪರೇಷನ್ ಆದ ಮಕ್ಕಳಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ, ಎಳೆ ಮಕ್ಕಳಲ್ಲಿ ಅದಕ್ಕಿಂತ ಜಾಸ್ತಿ, ಕಿಡ್ನಿಗೆ ಏಟು ಬೀಳುತ್ತದೆ, ಅಂದರೆ ಅದರ ಕೆಲಸ ಇದ್ದಕ್ಕಿದ್ದಂತೆ ಕುಗ್ಗುತ್ತದೆ. ಹೆಚ್ಚಿನವರಲ್ಲಿ ಅದು ಸಣ್ಣ ಏಟು, ಕೆಲವೇ ದಿನಗಳಲ್ಲಿ ಸುಧಾರಿಸುತ್ತದೆ.

ಯಾಕೆ ಬೀಳುತ್ತದೆ? ಹೃದಯವನ್ನು ನಿಲ್ಲಿಸಿ ಹೊಲಿಯುವಾಗ ರಕ್ತವನ್ನು ಮೈಯೆಲ್ಲ ಓಡಿಸುವುದು ಒಂದು ಯಂತ್ರ. ಕಿಡ್ನಿಯ ಒಳಭಾಗಕ್ಕೆ ಆಮ್ಲಜನಕ ಮಾಮೂಲಾಗಿಯೇ ಕಡಿಮೆ. ವೋಲ್ಟೇಜ್ ಇಳಿದ ದಿನ ಅಡಿಕೆ ತೋಟದ ಕೊನೆ ಸಾಲಿಗೆ ಮೊದಲು ನೀರು ತಪ್ಪುತ್ತದಲ್ವಾ, ಹಾಗೇ ಇಲ್ಲೂ. ಯಂತ್ರದಲ್ಲಿ ಸುತ್ತುವಾಗ ಒಂದಿಷ್ಟು ಕೆಂಪು ರಕ್ತಕಣ ಒಡೆಯುತ್ತವೆ, ಅದೂ ಕಿಡ್ನಿಗೆ ಭಾರ. ಆಪರೇಷನ್ ಮುಗಿದ ಮೇಲೂ ಕೆಲವು ಗಂಟೆ ಹೃದಯಕ್ಕೆ ಪೂರ್ತಿ ಬಲ ಇರುವುದಿಲ್ಲ. ಮಗು ಎಳೆಯದಾದಷ್ಟೂ, ಯಂತ್ರದ ಮೇಲೆ ಇದ್ದ ಹೊತ್ತು ಜಾಸ್ತಿಯಾದಷ್ಟೂ ಅಪಾಯ ಹೆಚ್ಚು.

ಐಸಿಯುನಲ್ಲಿ ಅಪ್ಪ ಅಮ್ಮನ ಕಣ್ಣು ಮಾನಿಟರ್ ಮೇಲೆ. ನರ್ಸಮ್ಮನ ಕಣ್ಣು ಮಂಚದ ಕೆಳಗಿನ ಮೂತ್ರದ ಚೀಲದ ಮೇಲೂ ಇರುತ್ತದೆ. ಗಂಟೆಗೊಮ್ಮೆ ಬಗ್ಗಿ ಗೆರೆ ನೋಡಿ ಬರೆದುಕೊಳ್ಳುತ್ತಾರೆ. 6 ಕೆಜಿಯ ಮಗು ಗಂಟೆಗೆ ಸುಮಾರು 6 ಮಿಲಿ ಮೂತ್ರ ಮಾಡಬೇಕು. ಅದು 3 ಮಿಲಿಗಿಂತ ಇಳಿದು 6 ಗಂಟೆ ಹಾಗೇ ಉಳಿದರೆ ಕಿಡ್ನಿಗೆ ಏಟಾಗಿದೆ ಎಂದೇ ಲೆಕ್ಕ. 3 ಮಿಲಿ ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ.

ಇನ್ನೊಂದು, ರಕ್ತದ ಕ್ರಿಯಾಟಿನಿನ್. ಇದು ಕಿಡ್ನಿ ಹೊರಹಾಕಬೇಕಾದ ಕಸ, ಕಿಡ್ನಿ ಸೋತರೆ ರಕ್ತದಲ್ಲಿ ಏರುತ್ತದೆ. ಇದರಲ್ಲಿ ಒಂದು ಮೋಸವಿದೆ, ಸ್ವಲ್ಪ ನಿಧಾನವಾಗಿ ಕೇಳಿ. ಕೂಸಿನ ಕ್ರಿಯಾಟಿನಿನ್ 0.3 ಇತ್ತು, ಎರಡು ದಿನದಲ್ಲಿ 0.6 ಆಯಿತು ಅನ್ನಿ. ಎಷ್ಟೋ ಲ್ಯಾಬ್ ರಿಪೋರ್ಟಿನಲ್ಲಿ ಪಕ್ಕಕ್ಕೆ ಅಚ್ಚಾಗಿರುವುದು ದೊಡ್ಡವರ ಅಳತೆ. ಅದರ ಪ್ರಕಾರ 0.6 ನಾರ್ಮಲ್, ದಪ್ಪಕ್ಷರವೂ ಇಲ್ಲ, ಸ್ಟಾರ್ ಗುರುತೂ ಇಲ್ಲ. ಆದರೆ ಆ ಮಗುವಿಗೆ ಅದು ದುಪ್ಪಟ್ಟು. ಮೂರು ಹಂತಗಳಲ್ಲಿ ಅದು ಎರಡನೇ ಹಂತದ ಏಟು. ಅದಕ್ಕೇ ಆಪರೇಷನ್‌ಗೆ ಮೊದಲು ಎಷ್ಟಿತ್ತು ಅನ್ನುವ ಕಾಗದ ಬಿಸಾಡಬೇಡಿ. ಸಾಲದ್ದಕ್ಕೆ ಈ ಕ್ರಿಯಾಟಿನಿನ್ ತಡವಾಗಿ ಏರುತ್ತದೆ. ಕಿಡ್ನಿಗೆ ಏಟು ಬಿದ್ದು ಒಂದೆರಡು ದಿನ ಕಳೆದ ಮೇಲೆ ರಿಪೋರ್ಟು ಬಾಯಿಬಿಡುತ್ತದೆ.

ಮೂತ್ರ ತೀರಾ ಕಡಿಮೆಯಾಗಿ ಮೈಯಲ್ಲಿ ನೀರು ತುಂಬಿದರೆ, ಸಣ್ಣ ಮಕ್ಕಳಿಗೆ ಹೊಟ್ಟೆಯ ಮೂಲಕವೇ ಡಯಾಲಿಸಿಸ್ ಮಾಡುವುದುಂಟು. ತೆಳು ಕೊಳವೆಯಲ್ಲಿ ದ್ರವ ಒಳಗೆ ಬಿಡುತ್ತಾರೆ, ಸ್ವಲ್ಪ ಹೊತ್ತು ನಿಲ್ಲಿಸುತ್ತಾರೆ, ಹೊರಗೆ ತೆಗೆಯುತ್ತಾರೆ. ಡಯಾಲಿಸಿಸ್ ಅಂದ ಕೂಡಲೇ ಜೀವನಪೂರ್ತಿ ಅಂದುಕೊಂಡು ಎದೆ ಒಡೆದುಕೊಳ್ಳಬೇಡಿ. ಕಿಡ್ನಿ ಚೇತರಿಸಿಕೊಂಡರೆ ಕೊಳವೆ ತೆಗೆದುಬಿಡುತ್ತಾರೆ.

ಇನ್ನು ಮನೆಗೆ ಬಂದ ಮೇಲಿನ ಮಾತು. ನನ್ನ ತಕರಾರು ಇರುವುದೇ ಇಲ್ಲಿ. ಡಿಸ್ಚಾರ್ಜ್ ಕಾಗದದಲ್ಲಿ ಮೂರೋ ನಾಲ್ಕೋ ಪುಟ ಹೃದಯದ್ದು. ನಡುವೆ ಎಲ್ಲೋ ಒಂದು ಸಾಲು, ಎ.ಕೆ.ಐ. ಅಂತ. ಕಿಡ್ನಿಗೆ ಏಟಾಗಿತ್ತು ಅನ್ನುವುದಕ್ಕೆ ಅದೊಂದೇ ಗುರುತು. ಎಷ್ಟೋ ಮನೆಯವರಿಗೆ ಅದನ್ನು ಯಾರೂ ಓದಿ ಹೇಳಿರುವುದಿಲ್ಲ. ಹೊರಡುವ ಮುಂಚೆ ನೀವೇ ಕೇಳಿ: "ಮಗುವಿನ ಕಿಡ್ನಿಗೆ ಏನಾದರೂ ಆಗಿತ್ತಾ? ಈಗ ಕ್ರಿಯಾಟಿನಿನ್ ಎಷ್ಟಿದೆ?" ಉತ್ತರವನ್ನು ಫೈಲಿನ ರಟ್ಟಿನ ಮೇಲೆಯೇ ದಪ್ಪಗೆ ಬರೆಸಿಕೊಳ್ಳಿ.

ಯಾಕೆಂದರೆ ನಾಳೆ ಮಗುವಿಗೆ ಜ್ವರ ಬರುತ್ತದೆ. ಮೆಡಿಕಲ್ ಶಾಪಿನಲ್ಲಿ ಬೇಗ ಇಳಿಯುತ್ತೆ ಅಂತ ಐಬುಪ್ರೊಫೆನ್ ಅಥವಾ ಮೆಫೆನಾಮಿಕ್ ಆಸಿಡ್ ಇರುವ ಸಿರಪ್ ಕೊಡುತ್ತಾರೆ. ಏಟು ತಿಂದ ಕಿಡ್ನಿಗೆ ಅವು ಒಳ್ಳೆಯದಲ್ಲ. ತೂಕಕ್ಕೆ ತಕ್ಕಷ್ಟು ಪ್ಯಾರಾಸಿಟಮಾಲ್ ಸಾಕು. ವಾಂತಿ ಭೇದಿ ಶುರುವಾದರೆ ಇನ್ನೂ ಹುಷಾರು. ಇಂಥ ಮಕ್ಕಳಿಗೆ ಮೂತ್ರ ಹೋಗುವ ಔಷಧಿ, ಕೆಲವರಿಗೆ ಹೃದಯದ ಭಾರ ಇಳಿಸುವ ಎನಲಾಪ್ರಿಲ್ ನಡೆಯುತ್ತಿರುತ್ತದೆ. ಮೈಯಲ್ಲಿ ನೀರು ಕಡಿಮೆಯಾದಾಗ ಇವೇ ಕಿಡ್ನಿಗೆ ತೊಂದರೆ ಕೊಡಬಹುದು. ನೀವಾಗಿ ನಿಲ್ಲಿಸಬೇಡಿ, ಸುಮ್ನೆ ಮುಂದುವರಿಸಲೂ ಬೇಡಿ. ಅವತ್ತೇ ಡಾಕ್ಟರಿಗೆ ತೋರಿಸಿ. ನಮ್ಮ ದುರ್ಗದ ಏಪ್ರಿಲ್ ಬಿಸಿಲಲ್ಲಂತೂ ಒಂದು ದಿನ ಕಾಯುವುದೂ ಜಾಸ್ತಿಯೇ.

ಮೂರು ತಿಂಗಳ ಹೊತ್ತಿಗೆ ಒಮ್ಮೆ ರಕ್ತದ ಕ್ರಿಯಾಟಿನಿನ್, ಮೂತ್ರದಲ್ಲಿ ಪ್ರೋಟೀನ್, ಜೊತೆಗೆ ಬಿ.ಪಿ. ನೋಡಿಸಿ. ಇದಕ್ಕಾಗಿ ಬೆಂಗಳೂರಿಗೇ ಹೋಗಬೇಕೆಂದಿಲ್ಲ, ದಾವಣಗೆರೆ ಅಥವಾ ಚಿತ್ರದುರ್ಗದಲ್ಲೇ ಆಗುತ್ತದೆ. ಬಿ.ಪಿ. ನೋಡುವಾಗ ಮಕ್ಕಳ ಅಳತೆಯ ಪಟ್ಟಿ ಕಟ್ಟಿದ್ದಾರಾ ಗಮನಿಸಿ. ದೊಡ್ಡವರ ಪಟ್ಟಿ ಕಟ್ಟಿದರೆ ಬಿ.ಪಿ. ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಕೇಳಿದರೆ ಯಾವ ಡಾಕ್ಟರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಮಾಡಿಕೊಂಡರೂ ಪರವಾಗಿಲ್ಲ, ಕೇಳಿ.

ನಮಸ್ಕಾರ.